ತಾರಸಿ ತೋಟದಿಂದ ನಿಜವಾಗಿ ದುಡ್ಡು ಉಳಿಯುತ್ತಾ, ಇಲ್ಲ ಸುಮ್ನೆ ಶೋಕಿನಾ?

ತಾರಸಿಯಮ್ಮ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಹೋದ ವರ್ಷ ಯುಗಾದಿ ಮುಗಿದ ವಾರವೇ ಹುಮ್ಮಸ್ಸಿನಲ್ಲಿ ತಾರಸಿ ತೋಟ ಶುರು ಮಾಡಿದೆ. ಹತ್ತು ಗ್ರೋ ಬ್ಯಾಗು, ಎರಡು ಕೋಕೋಪೀಟ್ ಇಟ್ಟಿಗೆ, ಎರೆಗೊಬ್ಬರ, ಬಣ್ಣಬಣ್ಣದ ಪ್ಯಾಕೆಟ್ ಬೀಜ, ಆಟದ ಸಾಮಾನಿನಂಥ ಒಂದು ಗುದ್ದಲಿ ಸೆಟ್ಟು, ಎಲ್ಲಾ ಸೇರಿ 3,300 ರೂಪಾಯಿ. ಕೊನೆಗೆ ಕೈಗೆ ಸಿಕ್ಕಿದ್ದು 11 ಟೊಮೆಟೊ. ಒಂದಕ್ಕೆ ಮುನ್ನೂರು ಬಿತ್ತು! ನಮ್ಮನೆಯವರು ಇವತ್ತಿಗೂ ಸಾರಿನಲ್ಲಿ ಟೊಮೆಟೊ ಕಂಡರೆ "ಇದು ಮೂರರದ್ದಾ, ಮುನ್ನೂರರದ್ದಾ" ಅಂತ ಕೇಳುತ್ತಾರೆ.

ನಾವಿರುವುದು ಬೆಂಗಳೂರು, ವಿದ್ಯಾರಣ್ಯಪುರದ ಕಡೆ, ಎರಡನೇ ಮಹಡಿ ಬಾಡಿಗೆ ಮನೆ. ಇಬ್ಬರು ಮಕ್ಕಳು, ಅತ್ತೆ, ನಾವಿಬ್ಬರು. ತರಕಾರಿ ಸೊಪ್ಪಿಗೇ ತಿಂಗಳಿಗೆ ನಾಲ್ಕು ಸಾವಿರದ ಹತ್ತಿರ ಹೋಗುತ್ತದೆ. ಮುಂದಿನ ತಿಂಗಳು ಸ್ಕೂಲ್ ಫೀಸು ಬೇರೆ. ಬ್ಯಾಗುಗಳು ಹಾಗೇ ಇವೆ, ಒಳಗಿನ ಮಣ್ಣು ಇಟ್ಟಿಗೆಯಾಗಿದೆ. ಈ ಸಲ 500 ರೂಪಾಯಿಗಿಂತ ಒಂದು ಪೈಸೆ ಜಾಸ್ತಿ ಹಾಕಲ್ಲ ಅಂತ ಮನಸ್ಸು ಮಾಡಿದ್ದೇನೆ. ಈಗ, ಈ ಬಿಸಿಲಲ್ಲಿ, ಏನು ಬಿತ್ತಿದರೆ ಬರುತ್ತೆ? ನೀರಿನದ್ದೂ ಯೋಚನೆ ಇದೆ, ಬೇಸಿಗೆ ಬಂದರೆ ನಮ್ಮ ಬೀದಿಗೆ ಟ್ಯಾಂಕರೇ ಗತಿ. ಉಳಿತಾಯ ಆಗಲ್ಲ ಅನ್ನುವುದಾದರೆ ಅದನ್ನೂ ಮುಲಾಜಿಲ್ಲದೆ ಹೇಳಿ.

ಲೆಕ್ಕದ ಪುಸ್ತಕ ಬರೆದದ್ದು:

ಅಮ್ಮ, ನಾನು ರಿಟೈರ್ ಆದವನು, ಮೈಸೂರಿನಲ್ಲಿದ್ದೇನೆ. ತೋಟಕ್ಕೂ ಒಂದು ಲೆಕ್ಕದ ಪುಸ್ತಕ ಇಟ್ಟಿದ್ದೇನೆ, ಮನೆಯಾಕೆ ನಗುತ್ತಾಳೆ, ಇರಲಿ. ಆ ಪುಸ್ತಕ ನೋಡಿಯೇ ಹೇಳುತ್ತೇನೆ. ಹೋದ ವರ್ಷ ನನಗೆ ಬಿದ್ದ ಖರ್ಚು 1,140. ಕಿತ್ತ ಸೊಪ್ಪನ್ನು ಅಂಗಡಿ ಬೆಲೆಗೆ ಹಿಡಿದರೆ ಸುಮಾರು 6,000. ಟೊಮೆಟೊ, ಬದನೆ, ಕ್ಯಾಪ್ಸಿಕಂ ಮೂರೂ ಸೇರಿ 400 ಕೂಡ ದಾಟಿಲ್ಲ. ನಿಮ್ಮ ತಪ್ಪು ಅಲ್ಲೇ ಇದೆ. ತೋಟ ಅಂದ ತಕ್ಷಣ ಎಲ್ಲರೂ ಟೊಮೆಟೊಗೆ ಕೈ ಹಾಕುತ್ತಾರೆ. ಹಗಲಿನ ಬಿಸಿಲು 35 ಡಿಗ್ರಿ ಮುಟ್ಟಿದರೆ ಟೊಮೆಟೊ ಹೂವು ಕಾಯಿ ಕಟ್ಟದೆ ಉದುರುತ್ತದೆ. ತಾರಸಿಯ ಕಾಂಕ್ರೀಟ್ ಮೇಲಂತೂ ಕೇಳುವುದೇ ಬೇಡ.

ಈಗ ದಂಟು ಹಾಕಿ. ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ಅರ್ಕಾ ಸುಗುಣ ಅಂತ ಒಂದು ತಳಿ ಇದೆ. ಬಿತ್ತಿದ 25-30 ದಿನಕ್ಕೆ ಮೊದಲ ಕೊಯ್ಲು. ಬೇರುಸಹಿತ ಕೀಳಬೇಡಿ, ಬುಡ ಬಿಟ್ಟು ಕತ್ತರಿಸಿದರೆ ಮತ್ತೆ ಚಿಗುರುತ್ತದೆ. ನಿಮಗೆ ಹೆಸರಘಟ್ಟ ಎಷ್ಟು ದೂರ ಹೇಳಿ? ಒಂದು ಭಾನುವಾರ, ಅಲ್ಲಲ್ಲ, ಆಫೀಸು ತೆಗೆದಿರುವ ದಿನ ಹೋಗಿ ಬೀಜ ತನ್ನಿ.

ಮೆಂತ್ಯಕ್ಕೆ ಅದೂ ಬೇಡ. ಅಡಿಗೆಮನೆ ಡಬ್ಬಿಯಲ್ಲಿರುವ ಕಾಳೇ ಸಾಕು. ರಾತ್ರಿ ನೆನೆಹಾಕಿ, ಬೆಳಗ್ಗೆ ಒತ್ತಾಗಿ ಚೆಲ್ಲಿ, ಮೇಲೆ ಅರ್ಧ ಬೆರಳು ಮಣ್ಣು. ಮೂರು ನಾಲ್ಕು ದಿನಕ್ಕೆ ಮೊಳಕೆ, ತಿಂಗಳೊಳಗೆ ಪಲ್ಯ. ಅರ್ಧ ನೆರಳಿದ್ದ ಕಡೆ ಇಡಬೇಕು ಅಷ್ಟೆ. ಕೊತ್ತಂಬರಿ ಮಾತ್ರ ಈಗ ಬೇಡ, ಬಿಸಿಲಿಗೆ ಎಲೆ ಬಿಡುವ ಮೊದಲೇ ಹೂವಿಗೆ ಹೋಗುತ್ತದೆ. ಮಳೆ ಹಿಡಿದ ಮೇಲೆ ನೋಡೋಣ. ಪುದೀನ ಕಟ್ಟು ತಂದಾಗ ಎಲೆ ಬಿಡಿಸಿ ದಪ್ಪ ಕಡ್ಡಿ ಎಸೆಯುತ್ತೀರಲ್ವಾ, ಅದನ್ನು ಒಂದು ಲೋಟ ನೀರಲ್ಲಿಡಿ. ವಾರಕ್ಕೆ ಬೇರು ಬರುತ್ತದೆ.

ಟೊಮೆಟೊ ಬೇಕೇ ಬೇಕು ಅನ್ನುವುದಾದರೆ ಏಪ್ರಿಲ್ ಮಧ್ಯದಲ್ಲಿ ಸಸಿಗೆ ಹಾಕಿ. ಮೇ ಎರಡನೇ ವಾರ ಬ್ಯಾಗಿಗೆ ಬದಲಿಸಿ, ಅಷ್ಟರಲ್ಲಿ ಒಂದೆರಡು ಮಳೆ ಬಿದ್ದಿರುತ್ತದೆ. ಹಣ್ಣು ಬರುವುದು ಜುಲೈಗೆ. ಬೆಲೆ ಏರುವುದೂ ಸಾಮಾನ್ಯವಾಗಿ ಆಗಲೇ. 2023ರ ಜುಲೈನಲ್ಲಿ ಕೆಜಿ ನೂರು ದಾಟಿದ್ದು ನೆನಪಿದೆ ತಾನೇ? ಈಗ ಮಾರ್ಚಿನಲ್ಲಿ ಟೊಮೆಟೊ ಬೆಳೆಯುವುದು ಅಂದರೆ ಅಗ್ಗ ಇದ್ದಾಗ ಕಷ್ಟಪಟ್ಟ ಹಾಗೆ.

ಸಂಜೆ ಸಂತೆ ಬರೆದದ್ದು:

ನಾನು ಬೇರೆ ರಾಗ ಹಾಡುತ್ತೇನೆ, ಬೈಬೇಡಿ. ರಾಯರ ಆರು ಸಾವಿರದಲ್ಲಿ ಅವರು ದಿನಾ ಬೆಳಗ್ಗೆ ಒಂದು ಗಂಟೆ ತಾರಸಿ ಮೇಲೆ ನಿಂತಿದ್ದಕ್ಕೆ ಕೂಲಿ ಎಲ್ಲಿದೆ? ರಿಟೈರ್ ಆದವರಿಗೆ ಸರಿ. ಎರಡು ಮಕ್ಕಳ ಡಬ್ಬಿ ಕಟ್ಟಿ, ಅತ್ತೆಯ ಮಾತ್ರೆ ಕೊಟ್ಟು, ಗಂಡನ ಟವೆಲ್ ಹುಡುಕಿಕೊಡುವ ಹೆಂಗಸಿಗೆ ಆ ಒಂದು ಗಂಟೆ ಎಲ್ಲಿಂದ ಬರಬೇಕು?

ನಾನು ಮೂರು ವರ್ಷ ತೋಟ ಮಾಡಿ ಬಿಟ್ಟವಳು. ಆಮೇಲೆ ಲೆಕ್ಕ ಹಾಕಿದಾಗ ಗೊತ್ತಾಗಿದ್ದು, ನಮ್ಮನೆಯಲ್ಲಿ ದುಡ್ಡು ಸೋರುತ್ತಿದ್ದದ್ದು ಫ್ರಿಜ್ಜಿನ ಕೆಳಗಿನ ಡಬ್ಬಿಯಲ್ಲಿ. ವಾರಕ್ಕೆ ತಂದದ್ದರಲ್ಲಿ ಕಾಲುಭಾಗ ಕೊಳೆತು ಕಸಕ್ಕೆ. ಈಗ ವಾರಕ್ಕೆ ಎರಡು ಸಲ, ಸಂಜೆ ಏಳೂವರೆ ಮೇಲೆ ಸಂತೆಗೆ ಹೋಗುತ್ತೇನೆ. ಗಾಡಿಯವರು ಮನೆಗೆ ಹೊರಡುವ ಹೊತ್ತು, ಸೊಪ್ಪನ್ನು ಮತ್ತೆ ಹೊತ್ತುಕೊಂಡು ಹೋಗಲು ಯಾರಿಗೂ ಇಷ್ಟ ಇರಲ್ಲ. ಎರಡು ಕಟ್ಟಿನ ದುಡ್ಡಿಗೆ ಮೂರು ಕಟ್ಟು. ಅದನ್ನು ಅವತ್ತೇ ರಾತ್ರಿ ಬಿಡಿಸಿ, ಒಣ ಬಟ್ಟೆಯಲ್ಲಿ ಸುತ್ತಿ ಇಡಬೇಕು. ತೊಳೆದು ಇಟ್ಟರೆ ಕೊಳೆಯುತ್ತೆ, ನೆನಪಿರಲಿ.

ಇನ್ನು ಹೀರೇಕಾಯಿ ಸಿಪ್ಪೆ ಚಟ್ನಿ, ಮೂಲಂಗಿ ಸೊಪ್ಪಿನ ಪಲ್ಯ, ಹೂಕೋಸಿನ ಎಳೆ ದಂಟಿನ ಹುಳಿ. ಕಲ್ಲಂಗಡಿಯ ಬಿಳಿ ಭಾಗ ತುರಿದು ದೋಸೆ ಹಿಟ್ಟಿಗೆ ಹಾಕಿದರೆ ಮಕ್ಕಳಿಗೆ ಗೊತ್ತೇ ಆಗಲ್ಲ. ಇದಕ್ಕೆ ಗೊಬ್ಬರ ಬೇಡ, ನೀರೂ ಬೇಡ.

ಬಸಳೆ ಚಪ್ಪರ ಬರೆದದ್ದು:

ಸಂತೆ ಅಕ್ಕ ಹೇಳಿದ್ದು ಸುಳ್ಳಲ್ಲ. ಆದರೆ ಒಂದು ಗಂಟೆ ಬೇಡುವ ಗಿಡಗಳನ್ನೇ ಯಾಕೆ ಇಡಬೇಕು ಅಂತ ನನ್ನ ಪ್ರಶ್ನೆ. ನಾನು ಕುಂದಾಪುರದವಳು, ಈಗ ಬೆಂಗಳೂರಲ್ಲಿ ಇದ್ದೇನೆ. ಊರಲ್ಲಿ ಅಮ್ಮ ಬಾವಿಕಟ್ಟೆ ಪಕ್ಕ ಬಸಳೆ ಚಪ್ಪರ ಹಾಕುತ್ತಿದ್ದರು. ಪಾತ್ರೆ ತೊಳೆದ ನೀರು ಅದರ ಬುಡಕ್ಕೆ ಹೋಗುತ್ತಿತ್ತು, ಅಷ್ಟೇ ಆರೈಕೆ. ಯಾರೂ ಅದನ್ನು ತೋಟಗಾರಿಕೆ ಅಂತ ಕರೆಯಲಿಲ್ಲ. (ಆಗ ಪಾತ್ರೆ ತಿಕ್ಕುತ್ತಿದ್ದದ್ದು ಬೂದಿಯಲ್ಲಿ, ಈಗಿನ ಸೋಪಿನ ನೀರು ಹಾಕಬೇಡಿ ಮತ್ತೆ.)

ತಾರಸಿಯಮ್ಮ, ಮಾರ್ಕೆಟ್ಟಿನಿಂದ ಬಸಳೆ ತಂದಾಗ ದಪ್ಪ ದಂಟು ಎರಡು ಎತ್ತಿಡಿ. ಮೂರು ಗೆಣ್ಣು ಇರುವ ಹಾಗೆ ಕತ್ತರಿಸಿ, ಎರಡು ಗೆಣ್ಣು ಮಣ್ಣೊಳಗೆ. ಹಬ್ಬಲು ಕಿಟಕಿ ಸರಳಿಗೆ ಒಂದು ದಾರ ಕಟ್ಟಿದರೂ ಸಾಕು. ಎರಡು ತಿಂಗಳಾದ ಮೇಲೆ ವಾರ ಬಿಟ್ಟು ವಾರ ಒಂದು ಸಾರಿಗಾಗುವಷ್ಟು ಸಿಗುತ್ತೆ. ಹೆಸರುಕಾಳು ಹಾಕಿ ಮಾಡಿದರೆ ಅತ್ತೆಯವರಿಗೂ ಹಿಡಿಸೀತು. ಹೊನಗನ್ನೆ, ದೊಡ್ಡಪತ್ರೆ, ಒಂದೆಲಗ ಇವೂ ಹಾಗೆಯೇ. ಒಂದು ತುಂಡು ಯಾರಿಂದಲಾದರೂ ಇಸಿದುಕೊಂಡರೆ ಆಯಿತು, ದುಡ್ಡು ಕೊಟ್ಟು ತರುವ ಗಿಡಗಳೇ ಅಲ್ಲ. ದೊಡ್ಡಪತ್ರೆ ತಂಬುಳಿ ಈ ಸೆಕೆಗೆ ಎಷ್ಟು ಹಿತ!

ಬೀಜದ ವಿಷಯ ಒಂದು ಮಾತು. ನಮ್ಮಲ್ಲಿ ಸೌತೆ ಬೀಜವನ್ನು ಸಗಣಿಯಲ್ಲಿ ಕಲಸಿ ಗೋಡೆಗೆ ತಟ್ಟಿ ಇಡುತ್ತಿದ್ದರು, ಬೇರೆ ಬೀಜಕ್ಕೆ ಬೂದಿ ಬೆರೆಸಿ ಡಬ್ಬಿ. ನೀವೂ ಹರಿವೆಯ (ರಾಯರು ಹೇಳಿದ ದಂಟಿನ ಸೊಪ್ಪೇ) ಒಂದು ಗಿಡ ಕತ್ತರಿಸದೆ ಬಿಡಿ. ಕದಿರು ಒಣಗಿದ ಮೇಲೆ ಅಂಗೈಯಲ್ಲಿ ಉಜ್ಜಿದರೆ ಸಾಸಿವೆಗಿಂತ ಸಣ್ಣ ಬೀಜ ರಾಶಿ ಬರುತ್ತೆ, ಮುಂದಿನ ವರ್ಷದ ಚಿಂತೆ ಇಲ್ಲ. ಪ್ಯಾಕೆಟ್ ಮೇಲೆ ಹೈಬ್ರಿಡ್ ಅಂತ ಇದ್ದರೆ ಮಾತ್ರ ಅದರ ಬೀಜ ಎತ್ತಿಡಬೇಡಿ, ಮರುವರ್ಷ ಅದೇ ಗುಣದ ಗಿಡ ಬರಲ್ಲ.

ತಾರಸಿಯಮ್ಮ:

ಅಯ್ಯೋ ಎಷ್ಟೊಂದು ಬರೆದಿದ್ದೀರಿ. ಸಂತೆ ಅಕ್ಕ, ಟವೆಲ್ ಹುಡುಕಿಕೊಡುವುದು ನಿಮಗೆ ಹೇಗೆ ಗೊತ್ತಾಯಿತು? ಫ್ರಿಜ್ಜಿನ ಡಬ್ಬಿ ಈಗಷ್ಟೇ ತೆಗೆದು ನೋಡಿದೆ. ಅರ್ಧ ಎಲೆಕೋಸು, ಮೆತ್ತಗಾದ ಎರಡು ಸೌತೆಕಾಯಿ, ಯಾವಾಗಿನದ್ದೋ ಕರಿಬೇವು. ಏನೂ ಹೇಳಲ್ಲ.

ಎರಡು ಅನುಮಾನ. ಆ ಇಟ್ಟಿಗೆಯಂಥ ಮಣ್ಣನ್ನು ಎಸೆಯಬೇಕಾ? ಮತ್ತೆ ಓನರ್ ಅಂಕಲ್ "ತೋಟ ಮಾಡಮ್ಮ, ಆದರೆ ತಾರಸಿ ಸೋರಿದರೆ ಅಡ್ವಾನ್ಸಲ್ಲಿ ಹಿಡಿಯುತ್ತೇನೆ" ಅಂದಿದ್ದಾರೆ. ಅರ್ಧ ತಮಾಷೆ, ಅರ್ಧ ನಿಜ.

ಬಳ್ಳಾರಿ ಬಿಸಿಲು ಬರೆದದ್ದು:

ಅಕ್ಕಾರ, ನಿಮ್ಮ ಬೆಂಗಳೂರಿನದು ಬಿಸಿಲೇ ಅಲ್ಲ ಬಿಡ್ರಿ. ನಮ್ಮ ಬಳ್ಳಾರಿಯಲ್ಲಿ ಏಪ್ರಿಲ್ ತಿಂಗಳು ನಲವತ್ತು ದಾಟುತ್ತದೆ, ಆದರೂ ಗಿಡ ಉಳಿಸಿಕೊಂಡಿದ್ದೇವೆ.

ಮಣ್ಣು ಎಸೆಯಬೇಡಿ. ಹಾಳೆ ಹಾಸಿ ಸುರುವಿ, ಹೆಂಟೆ ಒಡೆದು, ಹಳೆ ಬೇರು ಆರಿಸಿ ತೆಗೆದು, ನಾಲ್ಕು ದಿನ ಬಿಸಿಲಿಗೆ ಬಿಡಿ. ಒಳಗೆ ಹುಳದ ಮೊಟ್ಟೆ ಇದ್ದರೂ ಬಹಳಷ್ಟು ಸಾಯುತ್ತವೆ. ಆಮೇಲೆ ಮೂರು ಪಾಲು ಮಣ್ಣಿಗೆ ಒಂದು ಪಾಲು ಹಳೆ ಕೊಟ್ಟಿಗೆ ಗೊಬ್ಬರ, ಬ್ಯಾಗಿಗೊಂದು ಹಿಡಿ ಬೇವಿನ ಹಿಂಡಿ. ನಿಮ್ಮ 500ರಲ್ಲಿ ಖರ್ಚು ಮಾಡುವುದು ಇಷ್ಟಕ್ಕೇ. ಹಸಿ ಸಗಣಿ ಹಾಕಬೇಡಿ, ಬೇರು ಸುಡುತ್ತದೆ.

ಮೇಲೆ ಒಣ ಎಲೆ ಮೂರು ಬೆರಳು ದಪ್ಪ ಹೊದಿಸಬೇಕು. ಇದನ್ನು ಮಾತ್ರ ಮರೆಯಬೇಡಿ. ನಿಮ್ಮಲ್ಲಿ ಈ ತಿಂಗಳು ರಸ್ತೆ ತುಂಬ ಎಲೆ ಉದುರಿ ಬಿದ್ದಿರುತ್ತದೆ, ಜನ ಗುಡಿಸಿ ಬೆಂಕಿ ಹಚ್ಚುತ್ತಾರೆ. ಎರಡು ಗೋಣಿಚೀಲ ತುಂಬಿ ತನ್ನಿ. ನೆರಳಿಗೆ ಶೇಡ್ ನೆಟ್ ಕೊಳ್ಳಬೇಡಿ, ಹಳೆ ಕಾಟನ್ ಸೀರೆ ಕಟ್ಟಿ. ನಮ್ಮ ತಾಯಿಯವರದು ಒಂದು ಇಳಕಲ್ ಸೀರೆ ನಾಲ್ಕನೇ ಬೇಸಿಗೆ ನೋಡುತ್ತಿದೆ. ಹನ್ನೊಂದರಿಂದ ನಾಲ್ಕರ ತನಕ ನೆರಳಿದ್ದರೆ ಸಾಕು.

ಇನ್ನೊಂದು ಉಪಾಯ ಮಡಿಕೆ. ಬಣ್ಣ ಬಳಿಯದ ಸಣ್ಣ ಮಡಿಕೆಯನ್ನು ಬ್ಯಾಗಿನ ನಡುವೆ ಕುತ್ತಿಗೆ ತನಕ ಹೂತು, ನೀರು ತುಂಬಿ ಮುಚ್ಚಿಡಿ. ಗೋಡೆಯಿಂದ ನೀರು ತಾನೇ ಜಿನುಗುತ್ತದೆ, ಎರಡು ಮೂರು ದಿನಕ್ಕೊಮ್ಮೆ ತುಂಬಿದರೆ ಆಯಿತು. ಮಕ್ಕಳ ಬೇಸಿಗೆ ರಜೆಗೆ ತವರಿಗೆ ಹೋಗುವವರಿಗೆ ಇದು ಬೇಕೇ ಬೇಕು.

ಲೆಕ್ಕದ ಪುಸ್ತಕ:

ಓನರ್ ವಿಷಯಕ್ಕೆ ನಾನು ಹೇಳುತ್ತೇನೆ. 12 ಇಂಚಿನ ಬ್ಯಾಗು ಒಂದು ಸುಮಾರು 20 ಲೀಟರ್ ಮಣ್ಣು ಹಿಡಿಯುತ್ತದೆ. ಬರೀ ಮಣ್ಣು ತುಂಬಿ ನೀರು ಹಾಕಿದರೆ 30 ಕೆಜಿ ದಾಟಬಹುದು. ತೆಂಗಿನ ನಾರು, ಒಣ ಎಲೆ ಬೆರೆಸಿದರೆ ಎಷ್ಟೋ ಹಗುರ. ತಾರಸಿ ನಡುವೆ ಗುಂಪು ಮಾಡಬೇಡಿ, ಮೋಟುಗೋಡೆ ಉದ್ದಕ್ಕೂ ಸಾಲಾಗಿಡಿ. ಪ್ರತಿ ಬ್ಯಾಗಿನ ಕೆಳಗೆ ಎರಡು ಇಟ್ಟಿಗೆ. ನೆಲ ಒಣಗಬೇಕು, ಪೊರಕೆ ಆಡಬೇಕು. ಒದ್ದೆ ನಿಂತರೇ ಸೋರಿಕೆ ಶುರುವಾಗುವುದು.

ನೀರು ಬೇಸಿಗೆಯಲ್ಲಿ ಬ್ಯಾಗಿಗೆ ದಿನಕ್ಕೆ ಒಂದು ಲೀಟರ್ ಇಟ್ಟುಕೊಳ್ಳಿ. ಹತ್ತು ಬ್ಯಾಗಿಗೆ ಅರ್ಧ ಬಕೆಟ್. ಐದು ಜನರ ಮನೆಯಲ್ಲಿ ಅಕ್ಕಿ, ಬೇಳೆ, ತರಕಾರಿ ತೊಳೆದ ನೀರೇ ಅಷ್ಟಾಗುತ್ತದೆ, ಸಿಂಕಿನಲ್ಲಿ ಒಂದು ಬೇಸಿನ್ ಇಡಿ. ಪೈಪ್ ಹಿಡಿದು ನಿಲ್ಲಬೇಡಿ. 2024ರ ಮಾರ್ಚಿನಲ್ಲಿ ನಿಮ್ಮ ಜಲಮಂಡಳಿ ಕುಡಿಯುವ ನೀರನ್ನು ಗಿಡಕ್ಕೆ ಹಾಕಿದರೆ 5,000 ದಂಡ ಅಂತ ಆದೇಶ ಮಾಡಿತ್ತು. ಆ ವರ್ಷ ಬೆಂಗಳೂರಿನ ನನ್ನ ತಂಗಿ ಅಕ್ಕಿ ತೊಳೆದ ನೀರಲ್ಲೇ ಕರಿಬೇವು ಉಳಿಸಿಕೊಂಡಳು.

ಕೂಲಿ ಕೇಳಿದ ಸಂತೆ ಅಮ್ಮನಿಗೆ: ಒಂದು ಗಂಟೆ ಅಲ್ಲ, ಇಪ್ಪತ್ತು ನಿಮಿಷ. ಉಳಿದ ನಲವತ್ತು ನಿಮಿಷ ಪಕ್ಕದ ಮನೆಯವರ ಜೊತೆ ಮಾತು. ಅದನ್ನು ಪುಸ್ತಕದಲ್ಲಿ ಬರೆಯಲ್ಲ.

ಸಂಜೆ ಸಂತೆ:

ಹಾಗೆ ಬನ್ನಿ ದಾರಿಗೆ 😄 ಸರಿ, ಸೊಪ್ಪು ಮತ್ತು ಕರಿಬೇವು ಒಪ್ಪಿದೆ. ಬೆಂಡೆಕಾಯಿ ಹಾಕಿ ಅಂತ ಯಾರಾದರೂ ಹೇಳಿದರೆ ಮಾತ್ರ ಮತ್ತೆ ಜಗಳಕ್ಕೆ ಬರುತ್ತೇನೆ. ನಾಲ್ಕು ಗಿಡ ಇಟ್ಟಿದ್ದೆ. ಇವತ್ತು ಮೂರು ಕಾಯಿ, ನಾಡಿದ್ದು ಎರಡು. ಐದು ಜನಕ್ಕೆ ಪಲ್ಯ ಆಗಲು ಹತ್ತು ಗಿಡವಾದರೂ ಬೇಕು, ಅಷ್ಟರಲ್ಲಿ ಮೊದಲು ಕಿತ್ತದ್ದು ಬಾಡಿರುತ್ತೆ.

ತಾರಸಿಯಮ್ಮ (ಹತ್ತು ದಿನದ ಮೇಲೆ):

ವರದಿ ಒಪ್ಪಿಸುತ್ತಿದ್ದೇನೆ. ಖರ್ಚು: ಗೊಬ್ಬರ 120, ಬೇವಿನ ಹಿಂಡಿ 80, ದಂಟಿನ ಬೀಜ 30, ನಾಲ್ಕು ಸಣ್ಣ ಮಡಿಕೆ 160. ಒಟ್ಟು 390. ಇಟ್ಟಿಗೆಯನ್ನು ಎದುರು ಸೈಟಿನ ಮೇಸ್ತ್ರಿ ಸುಮ್ನೆ ಕೊಟ್ಟರು. ಮೆಂತ್ಯ ನಾಲ್ಕನೇ ದಿನ ಎದ್ದಿದೆ. ದಂಟು ಚೆಲ್ಲಿದ ಒಂದು ಬ್ಯಾಗಿನ ಬೀಜವನ್ನು ಇರುವೆಗಳು ಸಾಲಾಗಿ ಹೊತ್ತುಕೊಂಡು ಹೋದವು. ಅತ್ತೆ ಬ್ಯಾಗಿನ ಸುತ್ತ ಅರಿಶಿನದ ಗೆರೆ ಎಳೆದು ಎರಡನೇ ಸಲ ಬಿತ್ತಿದ್ದಾರೆ, ಇಲ್ಲಿಯವರೆಗೆ ಉಳಿದಿದೆ. ಬಸಳೆ ಕಡ್ಡಿ ಎರಡರಲ್ಲಿ ಒಂದು ಚಿಗುರಿದೆ, ಇನ್ನೊಂದನ್ನು ಚಿಕ್ಕವನು ದಿನಾ ಕಿತ್ತು ಬೇರು ಬಂತಾ ಅಂತ ನೋಡಿ ಮತ್ತೆ ನೆಡುತ್ತಿದ್ದಾನೆ.

ಶುಕ್ರವಾರ ಏಳೂವರೆಗೆ ಸಂತೆಗೂ ಹೋಗಿದ್ದೆ. ಪಾಲಕ್ ಮೂರು ಕಟ್ಟು ನಲವತ್ತಕ್ಕೆ ಬಂತು. ನಮ್ಮನೆಯವರು ಬ್ಯಾಗ್ ಹಿಡಿದುಕೊಂಡು ಹಿಂದೆ ಬಂದರು. ದಾರಿಯಲ್ಲಿ ಟೊಮೆಟೊ ಗಾಡಿ ಕಂಡಾಗ ನನ್ನ ಮುಖ ನೋಡಿದರು, ಬಾಯಿ ಮಾತ್ರ ತೆಗೆಯಲಿಲ್ಲ. ರಾಯರೇ, ಏಪ್ರಿಲ್ ಮಧ್ಯ ಅಂದರೆ ಸರಿಯಾಗಿ ಯಾವ ವಾರ?