1992ರ ಮೊದಲ ಪ್ರೆಸ್ಸಿಂಗ್: ಅಸಲಿಯೋ ನಕಲಿಯೋ?

ಪ್ರಶ್ನೆ: ನಾರ್ವೆಯ ಬ್ಲ್ಯಾಕ್ ಮೆಟಲ್ ಬ್ಯಾಂಡ್ ಡಾರ್ಕ್‌ಥ್ರೋನ್‌ನ 1992ರ ಆಲ್ಬಮ್, ಮೊದಲ ಪ್ರೆಸ್ಸಿಂಗ್ (ಮೊದಲ ಸಲ ಅಚ್ಚಾದ ಪ್ರತಿ) ಅಂತ ಒಬ್ಬರು ಸಿಡಿ ಮಾರ್ತಿದ್ದಾರೆ. ಬಾರ್‌ಕೋಡ್ ಸರಿಯಾಗೇ ಇದೆ. ಕೊಳ್ಳಬಹುದಾ?

ಉತ್ತರ 1: ಬಾರ್‌ಕೋಡ್ ನಂಬಬೇಡಿ, ಮರುಮುದ್ರಣಕ್ಕೂ ಅದನ್ನೇ ಹಾಕ್ತಾರೆ. ಡಿಸ್ಕ್‌ನ ಹೊಳೆಯುವ ಬದಿಯಲ್ಲಿ, ನಡುವಿನ ತೂತಿನ ಸುತ್ತ ಇರೋ ಉಂಗುರದ ಫೋಟೋ ಕೇಳಿ. ಬೆಳಕು ಓರೆಯಾಗಿ ಬಿದ್ದರೆ ಮ್ಯಾಟ್ರಿಕ್ಸ್ ನಂಬರ್ (ಡಿಸ್ಕ್‌ನ ಅಚ್ಚಿಗೆ ಕೊಡೋ ಗುರುತಿನ ಸಂಖ್ಯೆ) ಸ್ಪಷ್ಟವಾಗಿ ಕಾಣುತ್ತೆ. ಅಲ್ಲಿ ಐಎಫ್‌ಪಿಐ ಕೋಡ್ (ಡಿಸ್ಕ್ ತಯಾರಾದ ಕಾರ್ಖಾನೆಯ ಗುರುತು) ಇದ್ದರೆ ಬಿಟ್ಟುಬಿಡಿ. ಆ ಕೋಡ್ ಶುರುವಾಗಿದ್ದೇ 1994ರಲ್ಲಿ.

ಉತ್ತರ 2: ಕೋಡ್ ಇಲ್ಲ ಅಂದ ಮಾತ್ರಕ್ಕೆ ಅಸಲಿಯೂ ಅಲ್ಲ, ಎಷ್ಟೋ ನಕಲಿಗಳಲ್ಲೂ ಇರಲ್ಲ. ಹೊಳೆಯುವ ಬದಿ ಹಸಿರು, ನೀಲಿ ಛಾಯೆಯಲ್ಲಿದ್ದರೆ ಅದು ಸಿಡಿ-ಆರ್, ಅಂದ್ರೆ ಕಂಪ್ಯೂಟರ್‌ನಲ್ಲಿ ಬರೆಯೋ ಖಾಲಿ ಡಿಸ್ಕ್‌ಗೆ ಇಳಿಸಿದ ನಕಲು. ಬುಕ್‌ಲೆಟ್‌ನ ಸಣ್ಣಕ್ಷರಗಳ ಅಂಚು ಮಸುಕಾಗಿದ್ದರೆ ಸ್ಕ್ಯಾನ್ ಮಾಡಿ ಅಚ್ಚು ಹಾಕಿದ್ದು.

ಉತ್ತರ 3: ಕೊಂಡರೆ ಪಿವಿಸಿ ಕವರ್‌ನಲ್ಲಿ ಇಡಬೇಡಿ, ಬುಕ್‌ಲೆಟ್‌ನ ಶಾಯಿ ಅಂಟಿಕೊಳ್ಳುತ್ತೆ. ಪಾಲಿಪ್ರೊಪಿಲೀನ್ ಕವರೇ ಒಳ್ಳೇದು.