ಹೊಸ .22 ರೈಫಲ್ಲಿನ ಬ್ಯಾರಲ್ (ನಳಗಿ) ಪಳಗಿಸೋದು ಅಂದ್ರ ಖರೇ ಏನು?

ಸಾಧನಕೇರಿ_ಧಾರವಾಡ:

ಎಲ್ಲಾರಿಗೂ ನಮಸ್ಕಾರ್ರಿ. ಕಾಲೇಜಿನ್ಯಾಗ ಎನ್‌ಸಿಸಿ ಒಳಗ 25 ಗಜದಿಂದ ಹೊಡದು ರುಚಿ ಹತ್ತಿದಾಕಿ ನಾನು. ಈಗ ಹುಬ್ಬಳ್ಳಿಯೊಳಗ ಬ್ಯಾಂಕ್ ನೌಕರಿ. 2024ರಾಗ ಸ್ವಪ್ನಿಲ್ ಕುಸಾಳೆ ಪ್ಯಾರಿಸ್ ಒಲಿಂಪಿಕ್ಸ್‌ನ್ಯಾಗ 50 ಮೀಟರ್ ರೈಫಲ್ ತ್ರೀ ಪೊಸಿಷನ್‌ಗೆ (ಮೂರು ಭಂಗಿಯೊಳಗ ಹೊಡಿಯೋ ಸ್ಪರ್ಧಾ) 451.4 ಹೊಡದು ಕಂಚು ತಂದಾಗ ರಾತ್ರಿ ನಿದ್ದಿ ಬಂದಿರಲಿಲ್ಲ. ಕೊಲ್ಹಾಪುರ ನಮಗೇನು ದೂರ ಐತ್ರಿ? ಅವತ್ತೇ ಗಟ್ಟಿ ಮಾಡಿದೆ, ನನ್ನ ಸ್ವಂತ ರೈಫಲ್ ತಗೋಬೇಕು ಅಂತ.

ಹೋದ ತಿಂಗಳು ಕೈಗೆ ಬಂತು. ಜರ್ಮನಿದು, ಬೋಲ್ಟ್ ಆ್ಯಕ್ಷನ್ (ಪ್ರತಿ ಗುಂಡಿಗೂ ಕೈಯಿಂದ ಚಿಲಕ ಎಳಿಯೋದು), .22 ಮ್ಯಾಚ್ ರೈಫಲ್, ಅಂದ್ರ ಸ್ಪರ್ಧಾಕ್ಕ ಮಾಡಿದ್ದು, ಕಟ್ಟಿಗಿ ಸ್ಟಾಕ್. ಲೈಸೆನ್ಸ್ ಪುಸ್ತಕದಾಗ ನಂಬರ್ ಬರಸಿಕೊಂಡು ಮನಿಗೆ ತಂದ ದಿನ ಅವ್ವ ಕುಂಕುಮ ಹಚ್ಚಿದ್ಲು.

ತೊಂದ್ರಿ ಇಲ್ಲಿಂದ ಸುರು ಆತು. ರೇಂಜಿನ್ಯಾಗ ಒಬ್ಬ ಹಿರಿಯರು ಹೇಳಿದ್ರು: "ಹೊಸ ಬ್ಯಾರಲ್ ಪಳಗಿಸಬೇಕು. ಮೊದಲ 10 ಗುಂಡಿಗೆ ಒಂದೊಂದು ಹೊಡದು ಒಂದೊಂದು ಸಲ ತೊಳಿ. ಆಮ್ಯಾಲೆ 50 ಗುಂಡಿನ ತನಕ ಐದೈದಕ್ಕ ತೊಳಿ. ಈಗ ಬಿಟ್ರ ಮುಂದ ಎಂದೂ ಸರಿ ಹೋಗೂದಿಲ್ಲ." ಹಂಗೇ ಮಾಡಿದೆ. ಸಾಲ್ವೆಂಟ್ (ಹೊಲಸು ಕರಗಿಸೋ ದ್ರಾವಣ), ಬ್ರಶ್, ಚಿಂದಿ, ಮತ್ತ ಒಂದು ಗುಂಡು. ಮೂರು ತಾಸು ಹೋತು. ಐದೈದರ ಪಾಳಿ ಬಂದಾಗ ಮರಳಿನ ಚೀಲದ ಮ್ಯಾಲೆ ಇಟ್ಟು 50 ಮೀಟರ್‌ನಿಂದ ಹೊಡದ್ರ ಗ್ರೂಪ್, ಅಂದ್ರ ಐದೂ ತೂತಿನ ಹರವು, 30 ಮಿಲಿಮೀಟರ್! ಅದೇ ಡಬ್ಬಿಯ ಗುಂಡು ಕ್ಲಬ್ಬಿನ ಹಳೇ ರೈಫಲ್ಲಿಗೆ 15ರ ಮ್ಯಾಲೆ ಹೋಗೂದಿಲ್ಲ. ಟಾರ್ಗೆಟ್ಟಿನ ನಡುವಿನ 10ರ ರಿಂಗ್ ಇರೋದೇ 10.4 ಮಿಲಿಮೀಟರ್. 30ರ ಗ್ರೂಪ್ ಇಟ್ಕೊಂಡು ನಾನು ಎಲ್ಲಿಗೆ ಹೋಗ್ಲಿ?

ಗುಂಡು ಸಂತ್ಯಾಗ ಸಿಗೋ ವಸ್ತು ಅಲ್ಲ, ನಿಮಗ ಗೊತ್ತೈತಿ. ಪಳಗಿಸೋ ಹೆಸರಿಲೆ ಇನ್ನ ಎರಡು ಡಬ್ಬಿ ಸುಡಬೇಕೋ, ಇಲ್ಲಿಗೇ ನಿಲ್ಲಿಸಬೇಕೋ? ಬ್ಯಾರಲ್ ನಾನೇ ಕೆಡಿಸಿದ್ನೇನೋ ಅಂತ ಜೀವ ಹೊಯ್ದಾಡಾಕತ್ತೈತಿ. ತಿಳದವರು ಹೇಳ್ರಿ.

ರಾಣೆಬೆನ್ನೂರ_ರೈತ:

ಪಳಗಿಸೋದು ಸುಳ್ಳಲ್ಲರಿ ಅಕ್ಕಾರ. ನಂದು ಈಶಾಪುರ ಕಾರ್ಖಾನಿಯ .315 ರೈಫಲ್. ತಂದ ಹೊಸದಾಗ ಮೊದಲ ಚಿಂದಿ ತಳ್ಳಿದಾಗ ಬರೇ ಗ್ರೀಸ್ ಬಂತು, ಅದನ್ನ ಪೂರಾ ವರಸಿ ತಗದೇ ಹೊಡದೆ. ಆಮ್ಯಾಲೆ ಒಂದು ಗುಂಡಿಗೊಮ್ಮೆ ಸಾಲ್ವೆಂಟ್ ಚಿಂದಿ. ಮೊದಲ ನಾಕೈದು ಗುಂಡಿಗೆ ಚಿಂದಿ ನೀಲಿ ಆಗಿ ಬರ್ತಿತ್ತು, ನವಿಲು ಬಣ್ಣ ಇರ್ತೈತಲ್ಲ ಹಂಗ. ಹತ್ತನೇ ಗುಂಡಿನ ಹೊತ್ತಿಗೆ ನೀಲಿ ಕಡಿಮಿ ಆತು. ಈಗ ಹೊಡದ ಮ್ಯಾಲೆ ಎರಡು ಚಿಂದಿಗೆ ಬ್ಯಾರಲ್ ಹಸನ ಆಗತೈತಿ. ಹಂಗಾಗಿ ನಾನಂತೂ ಮಾಡ್ರಿ ಅಂತೀನಿ.

ಗೋಕುಲ್‌ರೋಡ್_ಲೇಥ್:

ತಂಗಿ, ಮೊದಲ ಮಾತು: ಬ್ಯಾರಲ್ ಕೆಟ್ಟಿಲ್ಲ. ಜೀವ ತಣ್ಣಗ ಮಾಡ್ಕೊ.

ರಾಣೆಬೆನ್ನೂರ ಅಣ್ಣಾರು ಹೇಳಿದ್ದು ಅವರ ರೈಫಲ್ಲಿಗೆ ಖರೇ ಐತಿ. ನಿನ್ನ ರೈಫಲ್ಲಿಗೆ ಅಲ್ಲ. ಯಾಕ ಅನ್ನೂದನ್ನ ಬಿಡಿಸಿ ಹೇಳ್ತೀನಿ, ಯಾಕಂದ್ರ ಈ ವಿಷಯದಾಗ ಎರಡು ಬ್ಯಾರೆ ಬ್ಯಾರೆ ಕೆಲಸಕ್ಕ ಒಂದೇ ಹೆಸರು ಇಟ್ಟು ಎಲ್ಲಾರೂ ಗೊಂದಲ ಆಗ್ಯಾರ.

ನಾನು 28 ವರ್ಷದಿಂದ ಗೋಕುಲ್ ರೋಡ್ ಇಂಡಸ್ಟ್ರಿಯಲ್ ಎಸ್ಟೇಟಿನ್ಯಾಗ ಲೇಥ್ ಮ್ಯಾಲೆ ನಿಂತಾಂವ. ರೀಮರ್ ಹಾಕಿ ತೂತು ಹಸನ ಮಾಡೋದು ನನ್ನ ದಿನದ ಕೂಳು. ಬ್ಯಾರಲ್ ಒಳಗಿನ ಕಾಲುವಿಯಂಥ ಗೀರುಗಳು, ಅಂದ್ರ ರೈಫ್ಲಿಂಗ್, ಸುತ್ತಿಕೊಂತ ಉದ್ದಕ್ಕ ಹೋಗ್ತಾವು. ಆದ್ರ ಚೇಂಬರ್, ಅಂದ್ರ ಗುಂಡು ಕೂಡೋ ಗೂಡು, ಕೊರಿಯೋ ರೀಮರ್ ಅಡ್ಡ ತಿರಗತೈತಿ. ಹಂಗಾಗಿ ಚೇಂಬರ್ ಮುಗದು ರೈಫ್ಲಿಂಗ್ ಸುರು ಆಗೋ ಗಂಟಲಿನ್ಯಾಗ ಗುಂಡಿನ ದಾರಿಗೆ ಅಡ್ಡಡ್ಡ ಸಣ್ಣ ಗೆರಿ ಉಳೀತಾವು. ರೀಮರ್ ಎಷ್ಟು ಚೂಪ ಇದ್ರೂ ಉಳೀತಾವು. ಬರಿಗಣ್ಣಿಗೆ ಕಾಣೂದಿಲ್ಲ.

.315 ಗುಂಡಿಗೆ ಮ್ಯಾಲೆ ಲೋಹದ ಹೊದಿಕಿ ಇರತೈತಿ, ಅದರಾಗ ತಾಮ್ರ ಐತಿ. ಅದು ಆ ಗೆರಿ ಮ್ಯಾಲೆ ಹೋಗೋದು ತುರಿಯೋ ಮಣಿ ಮ್ಯಾಲೆ ಕೊಬ್ಬರಿ ಎಳದಂಗ. ತುರದ ತಾಮ್ರ ಬಿಸಿ ಗ್ಯಾಸಿನ ಕೂಡ ಮುಂದ ಹೋಗಿ ಬ್ಯಾರಲ್ಲಿಗೆ ಅಂಟತೈತಿ. ಅಣ್ಣಾರ ಚಿಂದಿ ನೀಲಿ ಆಗಿದ್ದು ಅದಕ್ಕ, ಅಮೋನಿಯಾ ಇರೋ ಸಾಲ್ವೆಂಟ್ ತಾಮ್ರ ತಿಂದ್ರ ಬರೋ ಬಣ್ಣ ಅದು. ಒಂದೊಂದು ಗುಂಡಿಗೂ ಗಂಟಲಿನ ಗೆರಿ ಸವದು ನುಣುಪು ಆಗತೈತಿ. ನಡುವ ತಾಮ್ರ ತಗೀದಿದ್ರ ಮುಂದಿನ ಗುಂಡು ಉಕ್ಕಿನ ಮ್ಯಾಲೆ ಹೋಗದ ತಾಮ್ರದ ಮ್ಯಾಲೆ ಹೋಗತೈತಿ, ಗೆರಿ ಅಲ್ಲೇ ಉಳೀತಾವು. ಪಳಗಿಸೋದು ಅಂದ್ರ ಇಷ್ಟ. ಅದು ಗಂಟಲಿನ ಕೆಲಸ, ಇಡೀ ಬ್ಯಾರಲ್ಲಿಂದಲ್ಲ. ಕೈಯಿಂದ ಲ್ಯಾಪ್ ಮಾಡಿದ (ಒಳಗ ಉಜ್ಜಿ ನುಣುಪು ಮಾಡಿದ) ಒಳ್ಳೇ ಬ್ಯಾರಲ್ಲಿಗೆ ಅದೂ ಹತ್ತು ಗುಂಡಿನ ಒಳಗ ಮುಗೀತೈತಿ.

ಈಗ ನಿನ್ನ .22ಕ್ಕ ಬಾ. ಒಂದು ಗುಂಡು ಕೈಯಾಗ ಹಿಡದು ನೋಡು. ಬರೇ ಸೀಸ, 40 ಗ್ರೇನ್, ಅಂದ್ರ ಸುಮಾರು 2.6 ಗ್ರಾಂ. ತಾಮ್ರದ ಹೊದಿಕಿ ಇಲ್ಲ. ಉಗುರಿಲೆ ಕೆರದ್ರ ಗೆರಿ ಬೀಳತೈತಿ. ಬೆರಳಿಗೆ ಅಂಟು ಅಂಟು ಹತ್ತತೈತಲ್ಲ, ಅದು ಮೇಣ. ಮ್ಯಾಚ್ ಗುಂಡಿನ ಓಟ ಸೆಕೆಂಡಿಗೆ 330 ಮೀಟರ್ ಆಸುಪಾಸು, ಸಪ್ಪಳದ ಓಟಕ್ಕಿಂತ ಕಡಿಮಿ. ಇಂಥಾ ಮೆತ್ತನ ಸೀಸ ಹತ್ತು ಗುಂಡಿನ್ಯಾಗ ಉಕ್ಕನ್ನ ನುಣುಪು ಮಾಡತೈತಿ ಅನ್ನೋದು ನನ್ನ ಕಸುಬಿಗೆ ಒಪ್ಪೋ ಮಾತಲ್ಲ.

.22 ಬ್ಯಾರಲ್ಲಿಗೆ ಬೇಕಾಗಿರೋದು ಬ್ಯಾರೇನ. ನಿಮ್ಮ ಅವ್ವಗ ಕೇಳು, ಹೊಸ ಹಂಚು ತಂದ್ರ ಏನ್ಮಾಡ್ತಾಳ ಅಂತ. ಎಣ್ಣಿ ಹಚ್ಚಿ ಕಾಸ್ತಾಳ, ಮೊದಲಿನ ನಾಕು ರೊಟ್ಟಿ ಹತ್ತಿಕೊಂಡು ಹರೀತಾವು, ಆಮ್ಯಾಲೆ ಹಂಚು ಕರ್ರಗಾಗಿ ರೊಟ್ಟಿ ತಾನೇ ಏಳತೈತಿ. ನಿನ್ನ ಬ್ಯಾರಲ್ ಒಳಗೂ ಆ ಮೇಣ ಒಂದು ತೆಳು ಪದರ ಕೂಡಬೇಕು, ಚೇಂಬರಿನಿಂದ ಬಾಯಿ ತನಕ ಒಂದೇ ಸಮ. ಅದು ಕೂಡೋ ತನಕ ಒಂದೊಂದು ಗುಂಡಿಗೆ ಒಂದೊಂದು ಥರದ ಬ್ಯಾರಲ್ ಸಿಕ್ಕಂಗ. ನೀನು ಪ್ರತಿ ಗುಂಡಿಗೂ, ಪ್ರತಿ ಐದಕ್ಕೂ ಸಾಲ್ವೆಂಟ್ ಹಾಕಿ ತೊಳದಿ. ಅಂದ್ರ ಒಂದೊಂದು ರೊಟ್ಟಿಗೂ ಹಂಚು ಸಬಕಾರ ಹಚ್ಚಿ ತಿಕ್ಕಿದಂಗ ಆತು. ಗ್ರೂಪ್ 30 ಬರದ ಇನ್ನೇನು ಬರತೈತಿ?

ಹಿಂಗ ಮಾಡು. ಒಣ ಚಿಂದಿ ಮೂರು ನಾಕು ತಳ್ಳಿ ಒಳಗಿನ ಎಣ್ಣಿ ಸಾಲ್ವೆಂಟ್ ಪೂರಾ ತಗಿ. 20 ಗುಂಡು ಸುಮ್ನ ಹೊಡಿ, ಟಾರ್ಗೆಟ್ ಅಳಿಯೋ ಗೋಜಿಗೆ ಹೋಗಬ್ಯಾಡ. ಆಮ್ಯಾಲೆ ತೊಳೀದ ಐದೈದರ ಗ್ರೂಪ್ ಹೊಡಿ. ಗುಂಡಿನ ಕಂಪನಿ ಬದಲಿ ಮಾಡಿದ್ರ ಮತ್ತ 15 ಗುಂಡು ಬಿಟ್ಟೇ ಅಳತಿ ತಗೋಬೇಕು, ಒಂದರ ಮೇಣ ಇನ್ನೊಂದರ ಮೇಣದ ಹಂಗ ಇರೂದಿಲ್ಲ.

ಹಂಗಂತ ಎಂದೂ ತೊಳೀಬ್ಯಾಡ ಅಂತ ಹೇಳ್ತಿಲ್ಲ. .22 ಬ್ಯಾರಲ್ಲಿಗೆ ಚೇಂಬರ್ ಮುಂದ ಮಸಿ ಗಟ್ಟಿ ಆಗಿ ಉಂಗರದ ಹಂಗ ಕೂಡತೈತಿ. ಅದು ಬೆಳೆದ್ರ ಗುಂಡು ಒಳಗ ಹೋಗಾಗ ಬೋಲ್ಟ್ ಬಿಗಿ ಹತ್ತತೈತಿ. ಆ ಜಾಗ ಅಷ್ಟ ಸಾಲ್ವೆಂಟ್ ಹಾಕಿ ನೆನಸಿ ತಗೀಬೇಕು.

ಇನ್ನೊಂದು ಮಾತು, ಇದು ನನ್ನ ಕೈಯಿಂದ ಆದ ತಪ್ಪು. ನನ್ನ ಮೊದಲ ರೈಫಲ್ ನಾನೇ ಕೆಡಿಸಿದೆ. ಮೂರು ತುಂಡು ಜೋಡಿಸೋ ಅಲ್ಯೂಮಿನಿಯಂ ಕಡ್ಡಿ ತಗೊಂಡು ಬಾಯಿ ಕಡಿಂದ ತಿಕ್ಕಿದೆ, ಎರಡು ವರ್ಷ. ಅಲ್ಯೂಮಿನಿಯಂ ಮೆತ್ತಗ, ಧೂಳಿನ ಕಣ ಅದರಾಗ ಹುಗದು ಕೂಡತಾವು, ಕಡ್ಡಿ ಹೋಗಿ ಅರ ಆಗತೈತಿ. ಜೋಡಣಿ ಸಂದಿ ಒಂದೊಂದು ಸಲ ಬ್ಯಾರಲ್ ಬಾಯಿಯ ಅಂಚಿಗೆ, ಅಂದ್ರ ಕ್ರೌನಿಗೆ, ಬಡೀತಿತ್ತು. ಗುಂಡು ಬಿಡೋ ಕಟ್ಟಕಡೆ ಜಾಗ ಅದು. ಅಲ್ಲಿ ಒಂದು ಕಡೆ ಸವದ್ರ ಗ್ಯಾಸ್ ಒಂದು ಕಡಿಂದ ಮೊದಲು ನುಗ್ಗಿ ಗುಂಡಿನ ಬಾಲ ತಳ್ಳತೈತಿ. ಗ್ರೂಪ್ ಒಡದು ಎರಡಾಗಿತ್ತು. ಹತ್ತಿ ಸುತ್ತಿದ ಕಿವಿ ಕಡ್ಡಿ ಕ್ರೌನಿನ ಒಳ ಅಂಚಿನ ಸುತ್ತ ತಿರಗಿಸಿ ನೋಡಿದೆ, ಬಲಕ್ಕ ಒಂದು ಜಾಗದಾಗ ಹತ್ತಿ ಎಳಿ ಸಿಕ್ಕೊಂಡು ನಿಂತ್ವು. ಆ ಎರಡು ಎಳಿ ನೋಡಿ ಹೊಟ್ಟ್ಯಾಗ ಸಂಕಟ ಆತು. ನೀನೂ ಇವತ್ತೇ ಹಂಗ ನೋಡು. ಎಲ್ಲೂ ಎಳಿ ಹಿಡೀದಿದ್ರ ಕ್ರೌನ್ ಚಲೋ ಐತಿ. ಕಡ್ಡಿ ಒಂದೇ ತುಂಡಿಂದು, ಮ್ಯಾಲೆ ಪ್ಲಾಸ್ಟಿಕ್ ಲೇಪ ಇರೋದು ತಗೋ. ಬೋಲ್ಟ್ ತಗದು ಹಿಂದಿಂದ ತಳ್ಳು, ಚಿಂದಿ ಬಾಯಿ ಕಡೆ ಬಿದ್ದ ಮ್ಯಾಲೆ ಕಡ್ಡಿ ಮೆಲ್ಲಗ ವಾಪಸ್ ತಗಿ.

ಗದಗ_ಹವಾಲ್ದಾರ:

ಲೇಥ್ ಸಾಹೇಬ್ರ ಮಾತಿಗೆ ನನ್ನ ಒಪ್ಪಿಗಿ. ನಾನು ಬೆಳಗಾವಿ ಮರಾಠಾ ಸೆಂಟರ್‌ನ್ಯಾಗ ಭರ್ತಿ ಆಗಿ ಪೂರಾ ಸರ್ವಿಸ್ ಮುಗಿಸಿ ಬಂದಾಂವ. ಪಲ್ಟನ್‌ಗೆ ಹೊಸ ರೈಫಲ್ ಬಂದ್ರ ಯಾರೂ ಪಳಗಿಸ್ತಿದ್ದಿಲ್ಲ. ಗ್ರೀಸ್ ತಗದು, ಒಣ ಮಾಡಿ, ಝೀರೋ ಮಾಡ್ತಿದ್ವಿ (ಗುರಿಗೆ ಸೈಟ್ ಹೊಂದಿಸೋದು), ಮುಗೀತು.

ಕ್ರೌನ್ ಮಾತು ಬಂತಲ್ಲ, ನಮ್ಮಲ್ಲಿ ಪುಲ್‌ಥ್ರೂ ಹಗ್ಗಕ್ಕ 4 ಇಂಚು ಉದ್ದ 2 ಇಂಚು ಅಗಲದ ಚಿಂದಿ ಸಿಗಿಸಿ ಎಳೀತಿದ್ವಿ. ಉಸ್ತಾದರು ಎದುರಿಗೆ ನಿಂತು "ಸೀದಾ ಎಳಿ, ಸೀದಾ ಎಳಿ" ಅಂತ ಕೂಗತಿದ್ರು. ಓರಿ ಎಳದ್ರ ಹಗ್ಗ ಬಾಯಿಗೆ ಉಜ್ಜತೈತಿ, ಹಗ್ಗದಾಗ ಮಣ್ಣು ಇದ್ರ ಉಕ್ಕೂ ಸವೀತೈತಿ. ಒಂದು ಕಡೆ ತೂತು ಮೊಟ್ಟಿ ಆಕಾರ ಆಗಿದ್ದ ಹಳೇ ರೈಫಲ್ ನನ್ನ ಕಣ್ಣಿಲೆ ಕಂಡೀನಿ. ನಿಮ್ಮ ಎನ್‌ಸಿಸಿ ರೂಢಿ ಇದ್ರ ಪುಲ್‌ಥ್ರೂ ಮ್ಯಾಚ್ ರೈಫಲ್ಲಿಗೆ ಹಾಕಬ್ಯಾಡ್ರಿ.

ತಂಗಿ, ಒಂದು ನೋಡಬೇಕಾಗಿದ್ದು ಉಳೀತು. ಸ್ಟಾಕಿಗೆ ಆ್ಯಕ್ಷನ್ (ಬೋಲ್ಟ್ ಇರೋ ಲೋಹದ ಭಾಗ) ಕೂಡಿಸೋ ಸ್ಕ್ರೂ ಬಿಗಿ ಅದಾವೇನು? ಜರ್ಮನಿಯ ಹವಾದಾಗ ಇದ್ದ ಕಟ್ಟಿಗಿ ನಮ್ಮ ಏಪ್ರಿಲ್ ಬಿಸಲಿಗೆ ಒಣಗಿ ಕುಗ್ಗತೈತಿ. ಸ್ಕ್ರೂ ಅರ್ಧ ಸುತ್ತು ಸಡ್ಲಾದ್ರೂ ಗ್ರೂಪ್ ಓಡ್ಯಾಡತೈತಿ.

ಸಾಧನಕೇರಿ_ಧಾರವಾಡ:

ಕಾಕಾರ, ಹವಾಲ್ದಾರ ಸಾಹೇಬ್ರ, ಓದಿ ಕಣ್ಣಾಗ ನೀರು ಬಂತು. ಕಿವಿ ಕಡ್ಡಿ ಈಗಷ್ಟ ತಿರಗಿಸಿ ನೋಡಿದೆ, ಎಲ್ಲೂ ಎಳಿ ಹಿಡೀಲಿಲ್ಲ. ಆದ್ರ ಹಿಂದಿನ ಸ್ಕ್ರೂ ಖರೇನ ಸಡ್ಲ ಐತಿ. ಬಿಗಿ ಮಾಡಿ ನಾಡದು ರವಿವಾರ 20 ಗುಂಡು ಹೊಡೀಲೇನು?

ಗೋಕುಲ್‌ರೋಡ್_ಲೇಥ್:

ತಡಿ. ಎರಡೂ ಒಮ್ಮೆಲೇ ಮಾಡಿದ್ರ ಯಾವುದರಿಂದ ಸುಧಾರಿಸ್ತು ಅಂತ ನಿನಗ ಎಂದೂ ತಿಳಿಯೂದಿಲ್ಲ. ಮೊದಲು ಸ್ಕ್ರೂ ಬಿಗಿ ಮಾಡು, ಕಂಪನಿ ಪುಸ್ತಕದಾಗ ಎಷ್ಟು ಬಿಗಿ ಅಂತ ಬರದಿರತೈತಿ, ಟಾರ್ಕ್ ಪಾನಾ ತಗೊಂಡು ಅಷ್ಟ ಮಾಡು. ಕೈ ಅಂದಾಜು ಬ್ಯಾಡ. ತೊಳದ ಬ್ಯಾರಲ್ಲಿನ್ಯಾಗ ಐದು ಗುಂಡು ಹೊಡದು ಅಳತಿ ಬರ್ಕೊ. ಆಮ್ಯಾಲೆ 20 ಬಿಡು. ಆಮ್ಯಾಲೆ ಮತ್ತ ಅಳಿ. ಟಾರ್ಗೆಟ್ ಹಾಳಿ ಮ್ಯಾಲೆ ಪೆನ್ನಿಲೆ ನಂಬರ್ ಹಾಕಿ ಇಟ್ಕೊ.

ಸಾಧನಕೇರಿ_ಧಾರವಾಡ:

ರವಿವಾರದ ವರದಿ. ಮುಂಜಾನೆ ಏಳಕ್ಕ ಹೋದೆ, ಗಾಳಿ ಇರಲಿಲ್ಲ.

ಸ್ಕ್ರೂ ಬಿಗಿ ಮಾಡಿ, ಒಣ ಬ್ಯಾರಲ್ಲಿನ್ಯಾಗ ಐದು ಗುಂಡು: 24 ಮಿಲಿಮೀಟರ್. ಅಂದ್ರ 6 ಮಿಲಿಮೀಟರ್ ಸ್ಕ್ರೂದು ಅಂತ ಬರ್ಕೊಂಡೆ. ಆಮ್ಯಾಲೆ 20 ಗುಂಡು ಸುಮ್ನ ಬಿಟ್ಟೆ. ಅಳೀಬ್ಯಾಡ ಅಂದಿದ್ರಿ, ಆದ್ರ ಸ್ಕೋಪಿನ್ಯಾಗ ಕಣ್ಣು ಹೋಗೇ ಹೋತು. ಮೊದಲ ಎಂಟೊಂಬತ್ತು ಅಲ್ಲೊಂದು ಇಲ್ಲೊಂದು. 12ರ ಮ್ಯಾಲೆ ಒಂದೇ ಜಾಗಕ್ಕ ಬರಾಕ ಸುರು ಆದ್ವು, 17, 18, 19 ಮೂರೂ ಒಂದೇ ತೂತಿನ್ಯಾಗ. ನಾನು ರೈಫಲ್ ಕೆಳಗ ಇಟ್ಟು ಎರಡು ನಿಮಿಷ ಸುಮ್ನ ಕೂತೆ.

ಆಮೇಲಿನ ಐದೈದರ ಗ್ರೂಪ್: 14, 16, 13, 14. ಮನಿಗೆ ಬಂದು ಅವ್ವಗ ಹಂಚಿನ ಮಾತು ಹೇಳಿದೆ. "ಮೊದಲೇ ನನಗ ಕೇಳಿದ್ರ ಹೇಳ್ತಿದ್ದೆ" ಅಂದ್ಲು.

ಈಗ ಇನ್ನೊಂದು ಪ್ರಶ್ನೆ. ಅದೇ ಕಂಪನಿ, ಅದೇ ಹೆಸರಿನ ಎರಡನೇ ಡಬ್ಬಿ ಒಡದೆ, 15 ಬಿಟ್ಟೇ ಅಳದೆ. 19, 21 ಬಂತು. ನನ್ನ ಕೈ ದಣದಿತ್ತೋ ಏನು ಕಾರಣ?

ಗೋಕುಲ್‌ರೋಡ್_ಲೇಥ್:

ಶಾಬಾಸ್ ತಂಗಿ. 13 ಅಂದ್ರ ಬ್ಯಾರಲ್ ಮಾತು ಕೇಳಾಕತ್ತೈತಿ.

ಎರಡೂ ಡಬ್ಬಿಯ ಮ್ಯಾಲಿನ ಲಾಟ್ ನಂಬರ್ (ಒಮ್ಮೆಲೇ ತಯಾರಾದ ಗುಂಡಿನ ಗುರುತು) ನೋಡು, ಬ್ಯಾರೆ ಇರ್ತಾವು. ಒಂದು ಲಾಟಿನ ಗುಂಡು ಒಂದು ಬ್ಯಾರಲ್ಲಿಗೆ ಒಗ್ಗತೈತಿ, ಇನ್ನೊಂದಕ್ಕ ಒಗ್ಗೂದಿಲ್ಲ, ಒಂದೇ ಕಾರ್ಖಾನಿದು ಇದ್ರೂ. ದೊಡ್ಡ ಶೂಟರ್‌ಗಳು ಜರ್ಮನಿ ತನಕ ರೈಫಲ್ ಒಯ್ದು ಲಾಟ್ ಆರಿಸೋದು ಇದಕ್ಕೇನ. ಕೈ ದಣದಿದ್ದೂ ಇರಬಹುದು, ಅದನ್ನ ತಿಳ್ಕೊಳ್ಳಾಕ ಮುಂದಿನ ವಾರ ಎರಡನೇ ಲಾಟಿನಿಂದ ಸುರು ಮಾಡು, ಮೊದಲಿಂದನ್ನ ಆಮ್ಯಾಲೆ ಹೊಡಿ.

ಮೊದಲ ಡಬ್ಬಿ ಖಾಲಿ ಆಗಿದ್ರೂ ಒಗೀಬ್ಯಾಡ. ಆ ನಂಬರ್ ಫೋಟೊ ತಗೊಂಡು ಅಂಗಡಿಯವರಿಗೆ ಇವತ್ತೇ ಕಳಸು, ಅದೇ ಲಾಟಿನ ಎಷ್ಟು ಉಳದಾವು ಅಂತ ಕೇಳು.