ಗಾಳಿ ನೋಡುವ ಹಾವಸೆ: ಬೋರ್ಡಿಗೆ ಏನು ಬರೆಯಲಿ?

ಪ್ರಶ್ನೆ (ಸೇಡಂ): ಪದಚರ್ಚೆ ಬಳಗದ ಎಲ್ಲರಿಗೂ ನಮಸ್ಕಾರ. ನಾಳೆ ಸಂಜೆಯೊಳಗೆ ಪೇಂಟರ್ ಕೈಗೆ ಬರಹ ಕೊಡಬೇಕು. ನಮ್ಮೂರ ಕಾಲೇಜಿನ ಹುಡುಗರು ನೈಲಾನ್ ಬಲೆಯ ಚೀಲದಲ್ಲಿ ಮಾಸ್ (moss) ಅನ್ನೋ ಮೆತ್ತನೆ ಹಸಿರು ಗಿಡ ತುಂಬಿ ಕಂಬಗಳಿಗೆ ಕಟ್ಟುತ್ತಿದ್ದಾರೆ. ಕೆಲವು ವಾರ ಬಿಟ್ಟು ಬಿಚ್ಚಿ, ಗಾಳಿಯಿಂದ ಸೀಸ, ಕ್ಯಾಡ್ಮಿಯಂನಂಥ ವಿಷಲೋಹ ಎಷ್ಟು ಸೇರಿದೆ ಅಂತ ನೋಡುತ್ತಾರೆ. ಕೆಳಗೆ ಬೋರ್ಡ್ ಇಲ್ಲದಿದ್ದರೆ ಜನ ಮಾಟ ಅಂದುಕೊಂಡು ಕಿತ್ತು ಬಿಸಾಡುತ್ತಾರೆ. ಮೇಷ್ಟ್ರು ಬರೆದುಕೊಟ್ಟಿದ್ದು ‘ಶೈವಲದಿಂದ ವಾಯುಮಾಲಿನ್ಯದ ಜೈವಿಕ ಮೇಲ್ವಿಚಾರಣೆ’. ಯಾರಿಗೆ ಅರ್ಥ ಆಗತ್ತೆ? ಸುಮ್ನೆ ‘ಪಾಚಿ’ ಅಂದರೆ ನಡೆಯತ್ತಾ?

ಉತ್ತರ (ಕಲಬುರಗಿ): ನಡೆಯಲ್ಲ. ಶೈವಲ ಅಂದರೆ ಆಲ್ಗೆ, ಹೆಚ್ಚಾಗಿ ನೀರಲ್ಲಿ ಬೆಳೆಯೋದು, ಈ ಗಿಡವೇ ಬೇರೆ. ಪಾಚಿ ಅಂದರೆ ನೀರಿನ ತೊಟ್ಟಿಯದ್ದೂ ಆಯಿತು, ಗೋಡೆಯದ್ದೂ ಆಯಿತು. ಹಾವಸೆ ಅನ್ನಿ. ಮಳೆಗಾಲದಲ್ಲಿ ಕೋಟೆ ಗೋಡೆ ಮೇಲೆ ಮೆತ್ತಗೆ ಬೆಳೆಯತ್ತಲ್ಲ, ಅದು. ಅದಕ್ಕೆ ನಿಜವಾದ ಬೇರಿಲ್ಲ. ಎಲೆ ಹೆಚ್ಚಾಗಿ ಒಂದೇ ಜೀವಕೋಶದಷ್ಟು ದಪ್ಪ, ಮೇಲೆ ಮೇಣದ ಲೇಪವೂ ಇಲ್ಲದಂತೆಯೇ. ಬೇಕಾದ್ದನ್ನೆಲ್ಲ ಮಳೆ, ಧೂಳಿನಿಂದಲೇ ಹೀರತ್ತೆ, ಜೊತೆಗೆ ಬಂದ ಸೀಸವೂ ಉಳಿಯತ್ತೆ. ಸ್ವೀಡನ್ನಿನವರು ಹಾವಸೆಯಿಂದ ಗಾಳಿಯ ಲೋಹ ನೋಡುವ ಉಪಾಯ ಶುರು ಮಾಡಿದ್ದು 1960ರ ದಶಕದ ಕೊನೆಗೆ. 2016ರಲ್ಲಿ ಅಮೆರಿಕದ ಪೋರ್ಟ್‌ಲ್ಯಾಂಡ್‌ನಲ್ಲಿ ಬಣ್ಣದ ಗಾಜಿನ ಕಾರ್ಖಾನೆಗಳ ಕ್ಯಾಡ್ಮಿಯಂ ಬಯಲಾಗಿದ್ದೂ ಮರದ ಮೇಲಿನ ಹಾವಸೆಯಿಂದಲೇ. ಮತ್ತೆ ‘ಮೇಲ್ವಿಚಾರಣೆ’ ತೆಗೆದುಬಿಡಿ. ಹಾವಸೆ ಮೇಲೆ ಯಾರೋ ಮೇಸ್ತ್ರಿ ಕೂತ ಹಾಗಿದೆ.

ಉತ್ತರ (ಯಾದಗಿರಿ): ಕಲ್ಲುಹೂವು ಅನ್ನಬಹುದಲ್ವಾ?

ಉತ್ತರ (ಕಲಬುರಗಿ): ಅದು ಮಸಾಲೆಯ ದಗಡಫೂಲ್ ರೀ, ಲೈಕೆನ್, ಅಂದರೆ ಶಿಲೀಂಧ್ರ ಮತ್ತು ಆಲ್ಗೆ ಕೂಡಿ ಬೆಳೆಯೋದು. ಅದರಿಂದಲೂ ಗಾಳಿ ನೋಡುತ್ತಾರೆ, ಆದರೆ ಈ ಚೀಲದಲ್ಲಿರೋದು ಅದಲ್ಲ.

ಉತ್ತರ (ಬೀದರ್): ಹಳಗನ್ನಡದ ‘ಪಾಲ್’ ಹಾಲಾಯಿತು, ‘ಪಸಿರ್’ ಹಸಿರಾಯಿತು. ಪಾಚಿ ಮಾತ್ರ ಹಠ ಹಿಡಿದು ಪಾಚಿಯಾಗೇ ಉಳಿಯಿತು. ಹಾವಸೆ ಅದರ ತಂಗಿ ಅಂತ ನಾನು ಮೊದಲಿಂದ ಹೇಳುತ್ತಲೇ ಇದ್ದೇನೆ, ಇಲ್ಲಿ ಕೇಳೋರಿಲ್ಲ. ಇರಲಿ. ‘ವಾಯುಮಾಲಿನ್ಯ’ ಯಾಕೆ? ‘ಗಾಳಿಕೊಳೆ’ ಬರೆಯಿರಿ. ‘ಬೋರ್ಡ್’ ಯಾಕೆ? ‘ಹಲಗೆ’ ಇಲ್ವಾ?

ಉತ್ತರ (ಕಲಬುರಗಿ): ಗಾಳಿಕೊಳೆ ಅಂತ ನಿಮ್ಮ ಮನೆಯಲ್ಲಿ ಯಾರು ಅಂತಾರೆ? ನಮ್ಮ ಓಣಿಯಲ್ಲಿ ‘ಹವಾ ಖರಾಬ್ ಆಗ್ಯಾದ’ ಅಂತಾರೆ. ಸಂಸ್ಕೃತದ್ದು ಹೊರಗೆ ಹಾಕಿ, ಉರ್ದುವಿನದ್ದೂ ಹೊರಗೆ ಹಾಕಿದರೆ ಈ ಭಾಗದ ಮಂದಿ ಮೂಕರಾಗಬೇಕಷ್ಟೆ.

ಉತ್ತರ (ಬೀದರ್): ಖರಾಬ್ ಅಂತ ಬರೆಯೋದಾದರೆ ಪದಚರ್ಚೆ ಯಾಕೆ ಬೇಕು?

ಪ್ರಶ್ನೆ ಕೇಳಿದವರು: ಜಗಳ ನೀವು ಮುಂದುವರಿಸಿ. ಪೇಂಟರ್‌ಗೆ ಕೊಟ್ಟಿದ್ದು ಇದು: ‘ಈ ಚೀಲದಲ್ಲಿ ಹಾವಸೆ ಇದೆ. ಇಲ್ಲಿಯ ಹವಾ ಎಷ್ಟು ಕೆಟ್ಟಿದೆ ಎಂದು ನೋಡಲು ಕಟ್ಟಿದ್ದೇವೆ. ಬಿಚ್ಚಬೇಡಿ.’ ಓದಿದವನೇ ಅವನು ಕೇಳಿದ್ದು, ಒಳಗೆ ಹಾವಿದೆಯಾ ಅಂತ. ಹಾಗಂದುಕೊಂಡರೂ ಯಾರೂ ಬಿಚ್ಚಲ್ಲ ಬಿಡಿ.